ಮರುಮುದ್ರಣದಲ್ಲಿ ಕಳೆದುಹೋಗುವ ಮುಖಪುಟಗಳು

ನಾನಿರುವ ಇಂಗ್ಲೆಂಡಿನ ಬ್ರಿಸ್ಟಲ್‌ನ ಹಳೆ ಪುಸ್ತಕದಂಗಡಿಗಳಲ್ಲಿ ಪೆಂಗ್ವಿನ್ ಪ್ರಕಾಶನದ ಪುಸ್ತಕಗಳನ್ನು ಬಾಗಿಲಿನಿಂದಲೇ ಗುರುತಿಸಬಹುದು. ಕಿತ್ತಳೆ ಬೆನ್ನು ಕಂಡರೆ ಕಾದಂಬರಿ, ಹಸಿರು ಕಂಡರೆ ಪತ್ತೇದಾರಿ. 1935ರ ಪ್ರತಿಯನ್ನೂ 1975ರ ಪ್ರತಿಯನ್ನೂ ಪಕ್ಕಪಕ್ಕ ಇಡಿ, ಎರಡೂ ಒಂದೇ ಮನೆತನದವು ಅಂತ ಯಾರಾದರೂ ಹೇಳುತ್ತಾರೆ. ಮೈಸೂರಿನ ನಮ್ಮ ಮನೆಯ ಕಪಾಟಿನಲ್ಲಿ ಹಾಗಿಲ್ಲ. ಒಂದೇ ಕನ್ನಡ ಕಾದಂಬರಿಯ ಮೂರು ಮುದ್ರಣಗಳಿವೆ. ಅಜ್ಜಿ ಓದಿದ್ದು, ಅಮ್ಮ ಓದಿದ್ದು, ನಾನು ಕೊಂಡದ್ದು. ಹೆಸರು ಓದದಿದ್ದರೆ ಮೂರೂ ಬೇರೆ ಬೇರೆ ಪುಸ್ತಕ ಅನ್ನಿಸುತ್ತವೆ.

ಪೆಂಗ್ವಿನ್‌ನವರು ಮುಖಪುಟ ಬದಲಿಸಲೇ ಇಲ್ಲ ಅಂತಲ್ಲ, ತುಂಬಾ ಬದಲಿಸಿದ್ದಾರೆ. 1935ರಲ್ಲಿ ಪೆಂಗ್ವಿನ್ ಸ್ಥಾಪಕ ಅಲೆನ್ ಲೇನ್ ಆರು ಪೆನ್ಸ್ ಬೆಲೆಯಲ್ಲಿ ಮೊದಲ ಹತ್ತು ಪುಸ್ತಕ ತಂದಾಗ ಮುಖಪುಟದಲ್ಲಿ ಚಿತ್ರವೇ ಇರಲಿಲ್ಲ. ಮೇಲೆ ಕೆಳಗೆ ಬಣ್ಣದ ಪಟ್ಟಿ, ನಡುವೆ ಬಿಳಿ ಜಾಗದಲ್ಲಿ ಹೆಸರು, ಕೆಳಗೊಂದು ಪೆಂಗ್ವಿನ್ ಹಕ್ಕಿ. ಆ ಹಕ್ಕಿಯನ್ನು ಬರೆದದ್ದು 21 ವರ್ಷದ ಎಡ್ವರ್ಡ್ ಯಂಗ್, ಲಂಡನ್ನಿನ ಮೃಗಾಲಯಕ್ಕೆ ಹೋಗಿ ನೋಡಿಕೊಂಡು ಬಂದು. ಬಣ್ಣದಿಂದ ವಿಷಯ ಗುರುತಿಸುವ ಯೋಚನೆ ಮಾತ್ರ ಪೆಂಗ್ವಿನ್‌ನವರದ್ದೇ ಅಲ್ಲ. ಜರ್ಮನಿಯ ಆಲ್ಬಟ್ರಾಸ್ ಮಾಲೆ 1932ರಲ್ಲೇ ಹಾಗೆ ಮಾಡಿತ್ತು. 1947ರಲ್ಲಿ ಬಂದ ಪುಸ್ತಕ ವಿನ್ಯಾಸಕ ಯಾನ್ ಚಿಕೋಲ್ಡ್ ಪಟ್ಟಿಗಳನ್ನು ಕಿತ್ತುಹಾಕಲಿಲ್ಲ. ಅಕ್ಷರಗಳ ನಡುವಿನ ಜಾಗ ಸರಿ ಮಾಡಿದರು, ಹಕ್ಕಿಯನ್ನು ತಿದ್ದಿ ಬರೆದರು, ಅಚ್ಚಿನ ಮನೆಯವರಿಗೆ ನಿಯಮ ಬರೆದು ಕೊಟ್ಟರು. 1961ರಲ್ಲಿ ಇನ್ನೊಬ್ಬ ವಿನ್ಯಾಸಕ ರೊಮೆಕ್ ಮಾರ್ಬರ್ ಪತ್ತೇದಾರಿ ಪುಸ್ತಕಗಳಿಗೆ ಹೊಸ ಅಳತೆ ಹಾಕಿದರು. ಮೇಲಿನ ಮೂರನೇ ಒಂದು ಭಾಗ ಹೆಸರುಗಳಿಗೆ, ಉಳಿದದ್ದೆಲ್ಲ ಚಿತ್ರಕ್ಕೆ. ಆದರೆ ಹಸಿರು ಹಾಗೇ ಉಳಿಯಿತು. ನನಗೆ ಇಷ್ಟವಾಗುವುದು ಇದೇ. ಬಂದವರೆಲ್ಲ ಹಿಂದಿನವರ ಕೆಲಸ ನೋಡಿ, ಅದರ ಮೇಲೆ ತಮ್ಮದನ್ನು ಕಟ್ಟಿದರು.

ಹಾಗಂತ ಅದನ್ನೇ ಕನ್ನಡಕ್ಕೆ ಇಳಿಸಿದರೆ ಆಗುವುದಿಲ್ಲ. ಚಿಕೋಲ್ಡ್ ನಿಯಮಗಳಲ್ಲಿ ದೊಡ್ಡಕ್ಷರಗಳ ನಡುವಿನ ಜಾಗದ್ದೇ ದೊಡ್ಡ ಮಾತು. ನಮ್ಮಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅಂತಲೇ ಇಲ್ಲ. ನಮಗೆ ಬೇಕಿರುವುದು ಮೇಲೂ ಕೆಳಗೂ ಜಾಗ. ಮೇಲೆ ಗುಡಿಸು ಬರುತ್ತದೆ, ಕೆಳಗೆ ಒತ್ತಕ್ಷರ ಇಳಿಯುತ್ತದೆ. ‘ಸ್ತ್ರೀ’ ಅಂತ ಬರೆದು ನೋಡಿ, ಒಂದೇ ಅಕ್ಷರ ಎಷ್ಟು ಎತ್ತರ ಕೇಳುತ್ತದೆ! ಕಿರಿದಾದ ಪಟ್ಟಿಯೊಳಗೆ ಅದನ್ನು ತುರುಕಿದರೆ ಉಸಿರುಗಟ್ಟುತ್ತದೆ. ನಮ್ಮ ಹಳೆಯ ಕಲಾವಿದರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರು ಪುಸ್ತಕದ ಹೆಸರನ್ನು ಕೈಯಲ್ಲೇ ಬರೆಯುತ್ತಿದ್ದರು. ಒತ್ತಕ್ಷರವನ್ನು ಎಳೆದು ಚಿತ್ರದೊಳಗೆ ಬಿಡುತ್ತಿದ್ದರು, ಅಕ್ಷರದ ತಲೆಕಟ್ಟನ್ನೇ ಒಂದು ಗೆರೆಯಾಗಿ ಮಾಡುತ್ತಿದ್ದರು. ಅಂಥ ಬರವಣಿಗೆ ಇಂಗ್ಲಿಷ್ ಪುಸ್ತಕಗಳಲ್ಲಿ ನಾನು ಅಷ್ಟಾಗಿ ಕಂಡಿಲ್ಲ. ಅದು ನಮ್ಮ ದೊಡ್ಡ ಆಸ್ತಿ. ಈಗ ಕಂಪ್ಯೂಟರಿನ ನಾಲ್ಕಾರು ಫಾಂಟುಗಳಲ್ಲಿ ಎಲ್ಲ ಹೆಸರೂ ಒಂದೇ ಥರ ಕಾಣುತ್ತಿದೆ. ಈಚೆಗೆ ಕೊಂಡ ಒಂದು ಮರುಮುದ್ರಣದ ಮೇಲೆ ಕಥೆಗೆ ಸಂಬಂಧವೇ ಇಲ್ಲದ ಸೂರ್ಯಾಸ್ತದ ಫೋಟೋ ಇತ್ತು. ಹಳೆಯ ಚಿತ್ರ ಎಲ್ಲಿ ಹೋಯಿತು ಅಂತ ಕೇಳಿದರೆ ಪ್ರಕಾಶಕರಿಗೂ ಗೊತ್ತಿಲ್ಲ. ಬಹಳ ಬೇಜಾರಾಯಿತು.

ಕನ್ನಡದಲ್ಲಿ ಸಾವಿರ ಪ್ರತಿ ಅಚ್ಚು ಹಾಕುವುದೇ ಹೆಚ್ಚು, ಇದಕ್ಕೆಲ್ಲ ದುಡ್ಡೆಲ್ಲಿ ಅಂತ ಕೇಳಬಹುದು. ನ್ಯಾಯವಾದ ಮಾತೇ. ಆದರೆ ಮಾಲೆಗೆ ಒಂದು ಅಳತೆ ಒಮ್ಮೆ ಹಾಕಿಕೊಂಡರೆ ಖರ್ಚು ಕಡಿಮೆಯೇ ಆಗುತ್ತದೆ, ಅಲ್ವಾ? ಪ್ರತಿ ಸಲ ಮೊದಲಿನಿಂದ ಶುರು ಮಾಡಬೇಕಿಲ್ಲ, ಚಿತ್ರ ಬದಲಿಸಿದರೆ ಸಾಕು. ಕನ್ನಡದಲ್ಲೂ ಇದು ಆಗಿದೆ. ರಾಷ್ಟ್ರೋತ್ಥಾನದ ಭಾರತ-ಭಾರತಿ ಮಾಲೆಯ 510 ಪುಟ್ಟ ಪುಸ್ತಕಗಳನ್ನು ಓದಿ ಬೆಳೆದವರು ಮೈಸೂರಿನ ಬೀದಿಬೀದಿಯಲ್ಲೂ ಸಿಗುತ್ತಾರೆ.

ಇನ್ನೊಂದು ಸಂಕಟ ಗ್ರಂಥಾಲಯಗಳದ್ದು. ಪುಸ್ತಕ ಸಡಿಲವಾದರೆ ಬೈಂಡಿಂಗ್‌ಗೆ ಕಳಿಸುತ್ತಾರೆ. ವಾಪಸ್ ಬರುವಾಗ ಮುಖಪುಟ ಇರುವುದಿಲ್ಲ, ಗಟ್ಟಿ ರಟ್ಟು ಮತ್ತು ಬೆನ್ನಿನ ಮೇಲೊಂದು ನಂಬರು ಇರುತ್ತದೆ. ಪೆಂಗ್ವಿನ್‌ನ ಹಳೆ ದಾಖಲೆಗಳನ್ನು ಬ್ರಿಸ್ಟಲ್ ವಿಶ್ವವಿದ್ಯಾಲಯ ಕಾಪಾಡಿಕೊಂಡು ಬಂದಿದೆ. ನಮ್ಮ ಹಳೆಯ ಮುಖಪುಟಗಳನ್ನು ಹಾಗೆ ಕಾಪಾಡುವ ಕೆಲಸಕ್ಕೆ ಮೈಸೂರಿಗಿಂತ ಒಳ್ಳೆಯ ಊರು ನನಗೆ ತೋಚುವುದಿಲ್ಲ. ಅಗ್ಗದ ಬೆಲೆಗೆ ಪ್ರಚಾರೋಪನ್ಯಾಸದ ಪುಸ್ತಿಕೆಗಳನ್ನು ಊರೂರಿಗೆ ಮುಟ್ಟಿಸಿದ ಮೈಸೂರು ವಿಶ್ವವಿದ್ಯಾಲಯದ ಪ್ರಸಾರಾಂಗ ಅಲ್ಲಿದೆ. ಚಿತ್ರ ಕಲಿಯುವ ಮಕ್ಕಳಿರುವ ಕಲಾಶಾಲೆ ಕಾವಾ ಅಲ್ಲಿದೆ. ಇಬ್ಬರೂ ಕೂತು ಹಳೆಯ ಮುಖಪುಟಗಳನ್ನು ಹುಡುಕಿ ಸ್ಕ್ಯಾನ್ ಮಾಡಲಿ. ಪ್ರಕಾಶಕರು ಮರುಮುದ್ರಣದ ಒಳಪುಟದಲ್ಲಿ ಮೊದಲ ಮುಖಪುಟದ ಚಿಕ್ಕ ಚಿತ್ರ ಹಾಕಲಿ, ಜೊತೆಗೆ ಅದನ್ನು ಬರೆದ ಕಲಾವಿದರ ಹೆಸರು ಮತ್ತು ವರ್ಷ. ಬೈಂಡಿಂಗ್ ಮಾಡುವವರಿಗೆ ಗ್ರಂಥಪಾಲಕರು ಒಂದು ಮಾತು ಹೇಳಿದರೂ ಸಾಕು: ಮುಖಪುಟ ಎಸೆಯಬೇಡಿ, ರಟ್ಟಿನ ಒಳಗೆ ಅಂಟಿಸಿ.