ನಾಲ್ಕನೇ ಸಲವೂ ನೆಗೆಟಿವ್ ಅಂತೆ

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಇಲ್ಲಿ ಬರೆದು ಹಗುರಾಗದಿದ್ದರೆ ಮನೆಯವರ ಮೇಲೆ ರೇಗುತ್ತೇನೆ, ಅಷ್ಟೇ.

ಪರಿಚಯದ ಹುಡುಗಿಯೊಬ್ಬಳ ಜೊತೆ ಎಚ್‌ಐವಿ ಟೆಸ್ಟಿಗೆ ಹೋಗಿದ್ದೆ. ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಟೆಸ್ಟ್ ಮಾಡಿ ಸಲಹೆ ಕೊಡುವ ಸರ್ಕಾರಿ ಕೇಂದ್ರದಲ್ಲಿ, ಕೌನ್ಸೆಲರ್ ಕುರ್ಚಿಯನ್ನು ಎಷ್ಟು ವರ್ಷ ಸವೆಸಿದ್ದೇನೆ ಅಂತ ನಿಮಗೆಲ್ಲ ಗೊತ್ತು. ಈಗಲೂ ಅದೇ ಪ್ರಶ್ನೆಗಳು. ಮದುವೆ ಆಗಿದೆಯಾ? ಎಷ್ಟು ಜನರ ಜೊತೆ ಸಂಬಂಧ? ಕಾಂಡೋಮ್ ಬಳಸಿದ್ರಾ? ಅಷ್ಟರಲ್ಲಿ ಹೊರಗೆ ಯಾರೋ ಸ್ಟ್ರೆಚರನ್ನು ಗೋಡೆಗೆ ಬಡಿಸಿದರು. ಹುಡುಗಿ ಅರ್ಧ ಎದ್ದೇಬಿಟ್ಟಳು, ದುಪಟ್ಟಾ ತುದಿ ಮುಷ್ಟಿಯಲ್ಲಿ. ಕೌನ್ಸೆಲರ್ ತಲೆ ಎತ್ತಲಿಲ್ಲ. ಕಾಲಂ ತುಂಬಬೇಕಲ್ಲ, ಪಾಪ.

ರಿಪೋರ್ಟ್ ಬಂತು. ನೆಗೆಟಿವ್. "ಖುಷಿಯಾಗಿರಮ್ಮ" ಅಂದರು. ಇದು ಅವಳ ನಾಲ್ಕನೇ ಟೆಸ್ಟ್ ಕಣ್ರೀ! ಸೋಂಕು ತಗುಲಿದ್ದರೂ ಟೆಸ್ಟಿನಲ್ಲಿ ಕಾಣದ ಆ ವಿಂಡೋ ಪೀರಿಯಡ್ ಮುಗಿದು ಯಾವ ಕಾಲವಾಯಿತು. ನೆಗೆಟಿವ್ ಅಂತ ಮೂರು ಸಲ ಹೇಳಿಸಿಕೊಂಡವಳು ಮತ್ತೆ ಯಾಕೆ ಬಂದಳು ಅಂತ ಒಬ್ಬರಿಗೂ ಕೇಳಬೇಕು ಅನ್ನಿಸಲಿಲ್ವಾ?

ಪಿಟಿಎಸ್‌ಡಿ, ಅಂದರೆ ಭಯಾನಕ ಘಟನೆ ಮುಗಿದ ಮೇಲೂ ಮನಸ್ಸನ್ನು ಬಿಡದೆ ಕಾಡುವ ಕಾಯಿಲೆ, ಇರಬಹುದಾ ಅಂತ ನೋಡೋಕೆ ಐದೇ ಪ್ರಶ್ನೆ ಸಾಕು. ಅಮೆರಿಕದಲ್ಲಿ ಮಾಜಿ ಸೈನಿಕರ ಇಲಾಖೆಯವರು ಮಾಡಿದ್ದು. ಭಯಾನಕವಾದದ್ದು ಏನಾದರೂ ನಡೆದಿತ್ತಾ ಅಂತ ಮೊದಲು ಕೇಳುತ್ತಾರೆ. ಹೌದು ಅಂದರೆ ಹೋದ ತಿಂಗಳ ವಿಚಾರ. ಕೆಟ್ಟ ಕನಸು ಬೀಳುತ್ತಾ, ಬೇಡ ಅಂದರೂ ನೆನಪು ನುಗ್ಗುತ್ತಾ? ನೆನಪಾಗುವ ಜಾಗ ತಪ್ಪಿಸಿ ಓಡಾಡ್ತೀರಾ? ಸಣ್ಣ ಸದ್ದಿಗೂ ಬೆಚ್ಚಿಬೀಳ್ತೀರಾ? ಯಾರೂ ಬೇಡ, ಏನೂ ಬೇಡ ಅನ್ನಿಸುತ್ತಾ? ತಪ್ಪು ನಿಮ್ಮದೇ ಅನ್ನಿಸುತ್ತಾ? ಹೌದು ಹೌದು ಅಂದ ಮಾತ್ರಕ್ಕೆ ಕಾಯಿಲೆ ಇದೆ ಅಂತಲ್ಲ. ಡಾಕ್ಟರ್ ನೋಡಬೇಕು, ಅಷ್ಟೇ. ರಿಪೋರ್ಟಿಗೆ ಕಾಯುವ ಹೊತ್ತಿನಲ್ಲೇ ಕೇಳಿ ಮುಗಿಸಬಹುದು. 2017ರ ಎಚ್‌ಐವಿ ಕಾಯ್ದೆ ಟೆಸ್ಟಿನ ಮುಂಚೆಯೂ ಆಮೇಲೂ ಕೌನ್ಸೆಲಿಂಗ್ ಬೇಕು ಅನ್ನುತ್ತದೆ. ಅದು "ಖುಷಿಯಾಗಿರಮ್ಮ" ಅಲ್ಲ ತಾನೇ?

"ಮೇಡಂ, ಕೇಳಿದ ಮೇಲೆ ಎಲ್ಲಿಗೆ ಕಳಿಸೋದು?" ಅಂತ ಹಳೆಯ ಸಹೋದ್ಯೋಗಿಗಳು ಈಗ ಕಾಮೆಂಟ್ ಹಾಕ್ತೀರಿ. ಗೊತ್ತು. ಜನ ಜಾಸ್ತಿ, ಸಂಬಳ ಕಮ್ಮಿ, ಅದೂ ಗೊತ್ತು. ಆದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶಕ್ಕೇ ಮಾದರಿಯಾಗಿದ್ದು ನಮ್ಮ ಬಳ್ಳಾರಿ. ಫೋನಿನಲ್ಲೇ ಮನಸ್ಸಿನ ತೊಂದರೆಗೆ ನೆರವು ಕೊಡುವ ಸರ್ಕಾರದ ಟೆಲಿ ಮಾನಸ್ 14416 ಕೂಡ 2022ರಿಂದ ಇದೆ, ಪುಕ್ಕಟೆ. ಕಳಿಸೋಕೆ ಜಾಗ ಇಲ್ಲ ಅನ್ನೋದು ನೆಪ.

ಇಷ್ಟು ಹಾರಾಡ್ತಿದ್ದೀನಲ್ಲ, ನನ್ನ ಕಥೆಯೂ ಕೇಳಿ. ಒಮ್ಮೆ ಒಬ್ಬ ಹೆಂಗಸು ನನ್ನೆದುರು ಕೂತು ನೆಲ ನೋಡುತ್ತಾ "ನಾನು ಬೇಡ ಅಂದಿದ್ದೆ ಮೇಡಂ" ಅಂದರು. ನಾನು ರಿಜಿಸ್ಟರಿನಲ್ಲಿ ಬರೆದದ್ದು ಒಂದೇ ಪದ: ಹೆಟೆರೋಸೆಕ್ಷುಯಲ್, ಅಂದರೆ ಗಂಡು-ಹೆಣ್ಣಿನ ಸಂಬಂಧ. ಬರೆದು, ಮುಂದಿನವರನ್ನು ಕರೆದೆ. ಅವರ ರಿಪೋರ್ಟೂ ನೆಗೆಟಿವ್.

ಇವತ್ತು ಆಟೋದಲ್ಲಿ ಹುಡುಗಿಯ ರಿಪೋರ್ಟಿನ ಹಿಂದೆ 14416 ಅಂತ ಬರೆದುಕೊಟ್ಟೆ. ಅವಳು ಮಡಚಿ ಪರ್ಸಿಗೆ ಹಾಕಿಕೊಂಡಳು. ಸ್ವಲ್ಪ ದೂರ ಹೋದ ಮೇಲೆ ಕೇಳಿದಳು, "ಆಂಟಿ, ಇನ್ನೊಂದು ಸಲ ಟೆಸ್ಟ್ ಮಾಡಿಸೋಣ್ವಾ?"