ಮನಸ್ಸಲ್ಲೇ ತಿಂದ ಮಂಡಿಗೆ

ಚಿಕ್ಕವನಿದ್ದಾಗ ಮನೆಯಲ್ಲಿ ಹಾಲು ಕಾಯೋದು ನನ್ನ ಕೆಲಸ. ಕಾಯಿಸೋದಲ್ಲ, ಕಾಯೋದು. ಒಲೆ ಮುಂದೆ ನಿಂತು, ಉಕ್ಕುವ ಹೊತ್ತಿಗೆ ಆರಿಸಿದರೆ ಮುಗಿಯಿತು. ಆದರೆ ನಾನು ನಿಂತಲ್ಲೇ ಇನ್ನೆಲ್ಲಿಗೋ ಹೋಗಿಬಿಡುತ್ತಿದ್ದೆ. ಸೀದ ವಾಸನೆ ಹಿತ್ತಲು ಮುಟ್ಟಿದ ಮೇಲೆ ಅಮ್ಮ ಓಡಿ ಬರುತ್ತಿದ್ದಳು. "ಏನೋ, ಮನಸ್ಸಲ್ಲೇ ಮಂಡಿಗೆ ತಿಂತಾ ನಿಂತಿದ್ದೀಯಾ?"

ನಮ್ಮದು ಹಾಸನದ ಕಡೆ. ನಮ್ಮ ಮನೆಯಲ್ಲಿ ಮಂಡಿಗೆಯನ್ನು ಕಣ್ಣಿಂದ ಕಂಡವರು ಒಬ್ಬರೂ ಇರಲಿಲ್ಲ, ಬೈಯುತ್ತಿದ್ದ ಅಮ್ಮನೂ ಸೇರಿ. ಮಂಡಿ ಊರಿ ಕೂತು ತಿನ್ನೋ ತಿಂಡಿ ಇರಬೇಕು ಅಂತ ನಾನು ಕೆಲವು ದಿನ ಅಂದುಕೊಂಡಿದ್ದೆ. ಆಮೇಲೆ ಅದು ತೆಂಗಿನಕಾಯಿ ಗಾತ್ರದ ಲಾಡು ಆಯಿತು. ಇನ್ನೂ ಸ್ವಲ್ಪ ದಿನಕ್ಕೆ ಒಳಗೆ ದ್ರಾಕ್ಷಿ, ಗೋಡಂಬಿ ಎಲ್ಲ ಬಂದವು. ಅಂದರೆ ಅಮ್ಮ ಬೈದಿದ್ದು ನಿಜವೇ ಆಯಿತು. ಹಾಲು ಉಕ್ಕುವಾಗ ನಾನು ತಿನ್ನುತ್ತಿದ್ದದ್ದು ಮಂಡಿಗೆಯನ್ನೇ.

ನಮ್ಮ ಮಾತಲ್ಲಿ ಒಂದು ನ್ಯಾಯ ಇದೆ. ರಾತ್ರಿ ಕನಸು "ಬೀಳುತ್ತದೆ". ಮಳೆ ಬಿದ್ದ ಹಾಗೆ, ಹಲ್ಲಿ ಬಿದ್ದ ಹಾಗೆ. ಅದರಲ್ಲಿ ನಮ್ಮ ತಪ್ಪೇನೂ ಇಲ್ಲ. ಆದರೆ ಹಗಲುಗನಸು ಬಿತ್ತು ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ಅದನ್ನು "ಕಾಣಬೇಕು". ಬೇಕು ಬೇಕಂತಲೇ ಕೂತು, ಕಣ್ಣು ಬಿಟ್ಟುಕೊಂಡು. ಅದಕ್ಕೇ ಬೈಗುಳ ಜಾಸ್ತಿ. ಮುಪ್ಪಿನ ಷಡಕ್ಷರಿಯ ತಿರುಕ ಮುರುಕು ಧರ್ಮಶಾಲೆಯಲ್ಲಿ ಒರಗಿದ್ದಾಗ, ಆನೆ ಬಂದು ಹಾರ ಹಾಕಿ, ಅವನು ರಾಜನಾದ ಹಾಗೆ ಕನಸು ಕಂಡ. ನಾವು ಅವನನ್ನೂ ಬಿಡದೆ, ಆಗದ ಆಸೆಗೆಲ್ಲ "ತಿರುಕನ ಕನಸು" ಅಂತ ಹೆಸರಿಟ್ಟೆವು. ಪಾಪ, ಅವನು ಮಲಗಿದ್ದನಪ್ಪ. ಯಾವ ಹಾಲೂ ಉಕ್ಕಿಸಿರಲಿಲ್ಲ.

ಗಾಳಿಗೋಪುರದ್ದು ಇನ್ನೊಂದು ಕತೆ. ಕನ್ನಡದಲ್ಲಿ ಗಾಳಿಗೋಪುರ ಅಂದರೆ ಪಾಯವಿಲ್ಲದೆ ಮನಸ್ಸಲ್ಲಿ ಎಬ್ಬಿಸಿದ ಕಟ್ಟಡ. ಪಕ್ಕದ ತೆಲುಗಿನಲ್ಲಿ ಅದು ಗುಡಿಯ ಬಾಗಿಲ ಮೇಲಿನ ಎತ್ತರದ ಗೋಪುರ, ಕಲ್ಲು ಗಾರೆಯದ್ದು. ಅಲಿಪಿರಿಯಿಂದ ತಿರುಮಲೆಗೆ ಮೆಟ್ಟಿಲು ಹತ್ತಿದವರು ನೋಡಿರುತ್ತೀರಿ, ದಾರಿಯಲ್ಲೇ ಒಂದು ನಿಂತಿದೆ. ನಾನು ಅದರ ಬುಡದಲ್ಲಿ ಕೂತು ಮಜ್ಜಿಗೆ ಕುಡಿದೆ. ಗಾಳಿಗೋಪುರದ ನೆರಳು ಇಷ್ಟು ತಂಪಾಗಿರುತ್ತೆ ಅಂತ ಗೊತ್ತಿರಲಿಲ್ಲ.

ಕಲ್ಪನೆ, ಊಹೆ ಎಲ್ಲ ಪುಸ್ತಕದ ಮರ್ಯಾದಸ್ಥ ಪದಗಳು. ಬೀದಿಗೆ ಬಂದರೆ ಕಲ್ಪನೆಯ ಗತಿಯೇ ಬೇರೆ. "ನಂಗೆ ಕಲ್ಪನೇನೇ ಇರ್ಲಿಲ್ಲ" ಅನ್ನುವಾಗ ಮಾತ್ರ ಅದು ಬಾಯಿಗೆ ಬರುತ್ತದೆ, ಇಲ್ಲದಿದ್ದಾಗಲೇ ನೆನಪಾಗುವ ಉಪ್ಪಿನ ಹಾಗೆ. ನಿಜವಾಗಿ ಕೆಲಸ ಮಾಡುವುದು ಚಿಕ್ಕ ಚಿಕ್ಕ ಪದಗಳು. ಮಕ್ಕಳ ಆಟ ಗಮನಿಸಿ. "ನಾನು ಅಮ್ಮ ಅಂತೆ, ನೀನು ಪಾಪು ಅಂತೆ." ಇದು ಪಕ್ಕದ ಮನೆ ಸುದ್ದಿ ಹೇಳುವಾಗ ಬರುವ ಅದೇ ಅಂತೆ. ಯಾರೋ ಹೇಳಿದರು, ನಾನು ಕೇಳಿದೆ, ಜವಾಬ್ದಾರಿ ನನ್ನದಲ್ಲ. ಆಟದಲ್ಲಿ ಆ ಯಾರೋ ಯಾರು? ಐದು ವರ್ಷದ ಮಗು ತಾನೇ ಹುಟ್ಟಿಸಿದ ಸುಳ್ಳನ್ನು ಎಲ್ಲಿಂದಲೋ ಕೇಳಿಬಂದ ಸುದ್ದಿ ಮಾಡಿಬಿಡುತ್ತದೆ. ದೊಡ್ಡ ಕತೆಗಾರರಿಗೂ ಇದಕ್ಕಿಂತ ಹೆಚ್ಚಿನ ಉಪಾಯ ತಿಳಿದಿದೆಯೋ ಇಲ್ಲವೋ.

ದೊಡ್ಡವರದ್ದು "ಇಟ್ಕೋ". ಗಣಿತದ ಮೇಷ್ಟ್ರು "ಎಕ್ಸ್ ಅಂತ ಇಟ್ಕೊಳ್ಳಿ" ಅನ್ನುತ್ತಿದ್ದರು. ಇಟ್ಟುಕೊಂಡು ಏನು ಮಾಡಬೇಕು ಅಂತ ನನಗೆ ಕೊನೆಗೂ ತಿಳಿಯಲಿಲ್ಲ. ನಮ್ಮ ಮಾವನಿಗೆ ಚೆನ್ನಾಗಿ ತಿಳಿದಿತ್ತು. ವಾರಕ್ಕೊಂದು ಲಾಟರಿ ಟಿಕೆಟ್ ಕೊಂಡು ತಂದು, "ಹೊಡೀತು ಅಂತ ಇಟ್ಕೋ" ಅಂತ ಶುರು ಮಾಡುತ್ತಿದ್ದರು. ಮೊದಲು ಬೋರ್‌ವೆಲ್, ಆಮೇಲೆ ತಾರಸಿ ಮನೆ, ಆಮೇಲೆ ಅತ್ತೆಗೆ ಬಳೆ. ಅತ್ತೆ ಒಳಗಿಂದಲೇ "ನಾಲ್ಕಲ್ಲ, ಆರು" ಅನ್ನುತ್ತಿದ್ದರು. 2007ರಲ್ಲಿ ರಾಜ್ಯದಲ್ಲಿ ಲಾಟರಿ ನಿಂತಿತು. ದುಡ್ಡು ಉಳಿಯಿತು ಅಂತ ಎಲ್ಲರಿಗೂ ಸಮಾಧಾನ. ಆದರೆ ಅವರ ಜಗಲಿಯಲ್ಲಿ ಮಾತು ಕಮ್ಮಿಯಾಯಿತು. ಬರೀ ಗೊಬ್ಬರದ ರೇಟು, ಮಂಡಿ ನೋವು.

ಮಂಡಿ ಅಂದಾಗ ಮತ್ತೆ ಮಂಡಿಗೆ. ನಲವತ್ತು ದಾಟಿದ ಮೇಲೆ ಬೆಳಗಾವಿಯಲ್ಲಿ ಗೆಳೆಯನ ಮಗಳ ಮದುವೆಗೆ ಹೋದೆ. ಅಡುಗೆಯವರ ಕಡೆ ಇಣುಕಿದರೆ, ಒಬ್ಬಾಕೆ ಸಕ್ಕರೆ ಹೂರಣದ ಕಣಕವನ್ನು ಮೊಣಕೈವರೆಗೂ ಬೀಸಿ ಬೀಸಿ ಹಿಗ್ಗಿಸುತ್ತಿದ್ದರು. ಅಂಗೈ ರೇಖೆ ಕಾಣುವಷ್ಟು ತೆಳ್ಳಗೆ. ಅದನ್ನು ಬೆಂಕಿ ಮೇಲೆ ಬೋರಲು ಹಾಕಿದ ಕಡಾಯಿಯ ಬೆನ್ನಿಗೆ ಹೊದಿಸಿ, ಬೆಂದ ಕೂಡಲೇ, ಮೆತ್ತಗಿರುವಾಗಲೇ, ಕರ್ಚೀಫಿನ ಹಾಗೆ ಮಡಚಿಟ್ಟರು. ಒಂದು ಗಳಿಗೆಯಲ್ಲಿ ಗರಿಗರಿ.

"ಏನಿದು?" ಅಂದೆ.

"ಮಂಡಿಗಿ ರೀ. ಕಂಡಿಲ್ಲೇನ್ರಿ?"

ಏನಂತ ಹೇಳಲಿ? ಮೂವತ್ತೈದು ವರ್ಷದಿಂದ ತಿನ್ನುತ್ತಿದ್ದೇನೆ ತಾಯಿ, ಕಂಡಿದ್ದು ಇವತ್ತು.

ಬಾಯಲ್ಲಿಟ್ಟರೆ ತುಪ್ಪ, ಸಕ್ಕರೆ, ಏಲಕ್ಕಿ, ಅಷ್ಟೇ. ಕರಗಿ ಹೋಯಿತು. ರುಚಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಗೋಡಂಬಿ ಇರಲಿಲ್ಲ. ಗಾತ್ರವೂ ನನ್ನದೇ ದೊಡ್ಡದಿತ್ತು. ಈ ಗಾದೆಗೆ ಬೇರೆ ಯಾವ ತಿಂಡಿಯೂ ಯಾಕೆ ಸಿಗಲಿಲ್ಲ ಅನ್ನುವುದು ಮಾತ್ರ ಆಗ ಹೊಳೆಯಿತು. ಉಪ್ಪಿಟ್ಟು ತಿನ್ನಬೇಕು ಅನ್ನಿಸಿದರೆ ಎದ್ದು ಮಾಡಿಕೊಂಡರಾಯಿತು. ಈ ಕೈಚಳಕ ಎಲ್ಲರಿಗೆಲ್ಲಿ ಬರಬೇಕು? ಮದುವೆ ಬರುವ ತನಕ ಮನಸ್ಸಲ್ಲೇ ತಿನ್ನಬೇಕು.

ಅಮ್ಮನಿಗೆ ಅಂತ ಎರಡು ಮಂಡಿಗೆ ಡಬ್ಬಿಗೆ ಹಾಕಿಸಿಕೊಂಡು ರಾತ್ರಿ ಬಸ್ಸು ಹತ್ತಿದೆ. ಡಬ್ಬಿಯನ್ನು ತೊಡೆ ಮೇಲಿಟ್ಟುಕೊಂಡು, ಅವಳು ಮುಚ್ಚಳ ತೆಗೆಯೋದು, ಕಣ್ಣರಳಿಸೋದು, ಎಲ್ಲ ದಾರಿಯುದ್ದಕ್ಕೂ ಕಂಡೆ. ಬೆಳಿಗ್ಗೆ ತೆಗೆದರೆ ಒಳಗೆ ಬರೀ ಪುಡಿ.

ಅಮ್ಮ ಚಮಚ ತಂದಳು. ಒಂದು ಚಮಚ ತಿಂದಳು, ಇನ್ನೊಂದು ತಿಂದಳು. ಡಬ್ಬಿಯೊಳಗೆ ಇಣುಕಿ ನೋಡಿ, "ಇದಕ್ಕೇನೋ ನೀನು ಅಷ್ಟು ಹಾಲು ಉಕ್ಕಿಸಿದ್ದು?" ಅಂದಳು.