‘ಅರ್ಹರು ಯಾರೂ ಸಿಗಲಿಲ್ಲ’ ಅಂತೀರಲ್ಲ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಬಿಳಿಯರಲ್ಲದ ಹೆಣ್ಣುಮಕ್ಕಳಿಗೆ ಕಾಯಂ ಹುದ್ದೆ ಯಾಕೆ ಕೊಡಲ್ಲ ಎಂದು ಕೇಳಿದರೆ ಬರುವ ಉತ್ತರ: ‘ಕೊಡೋಣ ಅಂತಲೇ ಇದ್ವಿ, ಅರ್ಹರು ಯಾರೂ ಸಿಗಲಿಲ್ಲ.’ ಈ ಮಾತು ಕೇಳಿದಾಗಲೆಲ್ಲ ನನಗೆ ನಿಕೋಲ್ ಹ್ಯಾನಾ-ಜೋನ್ಸ್ ನೆನಪಾಗುತ್ತಾರೆ.

ಅಮೆರಿಕದ ಕಪ್ಪು ಪತ್ರಕರ್ತೆ. 2020ರಲ್ಲಿ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂತು. ಮರುವರ್ಷ, ತಾವೇ ಓದಿದ್ದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದವರು ಪತ್ರಿಕೋದ್ಯಮದ ನೈಟ್ ಪೀಠ ಎಂಬ ಪ್ರಾಧ್ಯಾಪಕ ಹುದ್ದೆಗೆ ಕರೆದರು. ಅವರಿಗಿಂತ ಮುಂಚೆ ಆ ಪೀಠಕ್ಕೆ ಬಂದವರಿಗೆ ಟೆನ್ಯೂರ್ ಇತ್ತು. ಟೆನ್ಯೂರ್ ಅಂದರೆ ಯಾರೂ ಸುಲಭಕ್ಕೆ ಕಿತ್ತುಹಾಕಲಾಗದ ಕಾಯಂ ಹುದ್ದೆ. ಇವರಿಗೂ ಕೊಡಿ ಎಂದು ಅಲ್ಲಿನ ಪ್ರಾಧ್ಯಾಪಕರೇ ಶಿಫಾರಸು ಮಾಡಿದ್ದರು. ಟ್ರಸ್ಟಿಗಳ ಮಂಡಳಿ ಅದನ್ನು ಮತಕ್ಕೇ ಹಾಕಲಿಲ್ಲ. ಐದು ವರ್ಷದ ಗುತ್ತಿಗೆ ಕೈಗಿಟ್ಟರು. ದೇಶವೆಲ್ಲ ಗಲಾಟೆಯಾದ ಮೇಲೆ, ಜೂನ್ 30ರಂದು, 9–4 ಮತಗಳಿಂದ ಒಪ್ಪಿದರು. ಆಕೆ ‘ಬೇಡ’ ಎಂದು, ಚಾರಿತ್ರಿಕವಾಗಿ ಕಪ್ಪು ಜನರದೇ ಆದ ಹೊವಾರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಸರಿಯಾಗಿಯೇ ಮಾಡಿದರು.

ಅರ್ಹತೆ ಇತ್ತಲ್ವಾ? ಮತ್ತೇನು ಕಡಿಮೆಯಾಗಿತ್ತು?

ಇದು ಹಳೆಯ ಕಥೆ. ಹಾರ್ವರ್ಡ್ ಕಾನೂನು ಶಾಲೆಯಲ್ಲಿ ಟೆನ್ಯೂರ್ ಪಡೆದ ಮೊದಲ ಕಪ್ಪು ಪ್ರಾಧ್ಯಾಪಕ ಡೆರಿಕ್ ಬೆಲ್. ಒಬ್ಬ ಕಪ್ಪು ಹೆಣ್ಣುಮಗಳಿಗೂ ಟೆನ್ಯೂರ್ ಕೊಡುವವರೆಗೆ ಪಾಠ ಮಾಡಲ್ಲ ಎಂದು 1990ರಲ್ಲಿ ಸಂಬಳವಿಲ್ಲದ ರಜೆ ಹಾಕಿದರು. ಎರಡು ವರ್ಷದಲ್ಲಿ ಅವರ ಕೆಲಸವೇ ಹೋಯಿತು. ಲಾನಿ ಗಿನಿಯರ್ ಎಂಬ ಕಪ್ಪು ಮಹಿಳೆಗೆ ಅಲ್ಲಿ ಟೆನ್ಯೂರ್ ಸಿಗಲು 1998 ಆಗಬೇಕಾಯಿತು. ಎಂಟು ವರ್ಷ! ಆ ಎಂಟು ವರ್ಷ ಇಡೀ ಅಮೆರಿಕದಲ್ಲಿ ಒಬ್ಬರೂ ಸಿಗಲಿಲ್ಲ ಅಂದರೆ ನಾನು ನಂಬಲಾರೆ.

ಈಗಲೂ ಜಾಸ್ತಿ ಬದಲಾಗಿಲ್ಲ. 2018ರ ಸರ್ಕಾರಿ ಲೆಕ್ಕದಲ್ಲಿ, ಅಲ್ಲಿನ ಪೂರ್ಣಾವಧಿ ಫುಲ್ ಪ್ರೊಫೆಸರ್‌ಗಳಲ್ಲಿ, ಅಂದರೆ ಬೋಧಕರ ಅತಿ ಮೇಲಿನ ದರ್ಜೆಯಲ್ಲಿ, ಕಪ್ಪು ಮಹಿಳೆಯರು ನೂರಕ್ಕೆ ಇಬ್ಬರನ್ನೂ ದಾಟಿರಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲೇ ಪಾಠ ಮಾಡುತ್ತಾಳೆ. ಹಾಸನದ ಕಡೆಯ ಹುಡುಗಿ. ಇಲ್ಲಿರುವವರೆಗೆ ಅವಳಿಗೆ ತನ್ನ ಬಣ್ಣ ಒಂದು ವಿಷಯವೇ ಆಗಿರಲಿಲ್ಲ. ಅಲ್ಲಿ ಪ್ರತಿ ಸಮಿತಿಗೂ ‘ಬಿಳಿಯರಲ್ಲದ ಹೆಂಗಸು’ ಒಬ್ಬಳು ಬೇಕು, ವಿಭಾಗದಲ್ಲಿ ಇರುವುದೇ ಇವಳೊಬ್ಬಳು. ಮನಸ್ಸು ಕುಗ್ಗಿದ ಕಪ್ಪು ಹುಡುಗಿಯರು, ಮೆಕ್ಸಿಕನ್ ಹುಡುಗಿಯರು ಬಂದು ಬಾಗಿಲು ತಟ್ಟುವುದೂ ಇವಳದ್ದನ್ನೇ. ‘ಅವರನ್ನ ಹೇಗೆ ವಾಪಸ್ ಕಳಿಸ್ಲಿ ಮೇಡಂ? ರಿಸರ್ಚ್ ಪೇಪರ್ ಬರೆಯೋಕೆ ರಾತ್ರಿ ಹನ್ನೊಂದರ ಮೇಲೇ ಕೂರ್ಬೇಕು’ ಅಂದಳು. ಟೆನ್ಯೂರ್ ಕೊಡುವಾಗ ಎಣಿಸುವುದು ಆ ಪೇಪರ್‌ಗಳನ್ನು. ಬಾಗಿಲು ತೆರೆದು ಕೂತ ಮಧ್ಯಾಹ್ನಗಳನ್ನು ಯಾರೂ ಎಣಿಸುವುದಿಲ್ಲ. ಆಮೇಲೆ ಪೇಪರ್ ಸಾಲದು, ಅರ್ಹತೆ ಸಾಲದು ಅಂತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಆ ಮಧ್ಯಾಹ್ನಗಳನ್ನೂ ಕೆಲಸ ಅಂತ ಬರೆದುಕೊಳ್ಳಿ, ಅಂಕ ಕೊಡಿ.

ಈ ವರ್ಷ ಅವಳ ಟೆನ್ಯೂರ್ ಫೈಲು ಸಮಿತಿಯ ಮುಂದಿದೆ.